ಮನೆಯಂಗಳದಲ್ಲಿ ದೊಡ್ಡ ಮೀನುತೊಟ್ಟಿ: ಮಲೆನಾಡಿನ ನೀರಿಗೆ ಹೊಂದುವ ಕ್ರಮ

ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋದವರು ಕಾವೇರಿಯ ವಹ್ನಿಪುಷ್ಕರಿಣಿಯ ಬಳಿ ದೊಡ್ಡ ಮೀನುಗಳು ಮೆಟ್ಟಿಲಿನ ತನಕ ಬಂದು ಪುರಿ ತಿನ್ನುವುದನ್ನು ನೋಡಿರುತ್ತಾರೆ. ಶೃಂಗೇರಿಯ ತುಂಗೆಯಲ್ಲಿಯೂ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿಯೂ ಇದೇ ನೋಟವಿದೆ. ಇಂತಹ ನೋಟ ಮನೆಯ ಮುಂದೆಯೇ ಇರಲಿ ಎಂಬ ಆಸೆಯಿಂದ ಕಾಫಿ ತೋಟದ ಮನೆಗಳಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ, ಒಂದು ಬದಿಗೆ ಗಾಜು ಕೂರಿಸಿ, ಬಣ್ಣದ ಮೀನು ಬಿಡುವುದುಂಟು. ಮೊದಲ ಕೆಲವು ತಿಂಗಳು ಎಲ್ಲವೂ ಚೆನ್ನಾಗಿ ನಡೆಯುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಎಲ್ಲವೂ ಸಾಯುತ್ತವೆ. ಮೀನಿಗೆ ರೋಗ ಬಂತೆಂದು ಔಷಧಿ ಹುಡುಕುವವರೇ ಹೆಚ್ಚು. ಹಲವು ಸಲ ಕೆಟ್ಟಿರುವುದು ಮೀನಲ್ಲ, ನೀರು.

ಹೊಳೆಯಲ್ಲಿ ಮೀನಿನ ಕಲ್ಮಷವನ್ನು ಹರಿಯುವ ನೀರು ಒಯ್ಯುತ್ತದೆ. ತೊಟ್ಟಿಯಲ್ಲಿ ಆ ಕೆಲಸವನ್ನು ಮನೆಯವರೇ ನೋಡಿಕೊಳ್ಳಬೇಕು. ಆದುದರಿಂದ ಮೀನು ಸಾಕುವುದೆಂದರೆ ಮೊದಲು ನೀರನ್ನು ಸಾಕುವುದು. ಹುಳಿ ಮಣ್ಣಿಗೆ ಸುಣ್ಣ ಹಾಕಿ, ಗೊಬ್ಬರ ಕೊಟ್ಟು ಬೆಳೆ ತೆಗೆಯುವ ರೈತನಿಗೆ ಈ ವಿಷಯ ಹೊಸದಾಗಿ ಕಾಣಬೇಕಾಗಿಲ್ಲ. ತೊಟ್ಟಿಯಲ್ಲಿ ನಡೆಯುವುದೂ ಅದೇ ಸಾರಜನಕದ ಮತ್ತು ಸುಣ್ಣದ ಲೆಕ್ಕ.

ಯಸಳೂರು ಸೀಮೆಯ ನೀರಿನ ಗುಣ

ಸಕಲೇಶಪುರ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಮಳೆ ಪಡೆಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿಯುತ್ತದೆ. ಇಂತಹ ಮಳೆಯಿಂದ ಮಣ್ಣಿನ ಸುಣ್ಣ ಮತ್ತು ಮೆಗ್ನೀಸಿಯಂ ತೊಳೆದುಹೋಗಿ ಮಣ್ಣು ಹುಳಿಯಾಗಿದೆ. ಅದೇ ಮಣ್ಣಿನ ಮೇಲೆ ಹರಿದು ಬರುವ ಝರಿಯ ನೀರು, ಅಬ್ಬಿಯ ನೀರು ಕುಡಿಯಲು ರುಚಿಯಾಗಿದ್ದರೂ ಬಹಳ ಮೆದುವಾದ ನೀರು. ಅದರಲ್ಲಿ ಕರಗಿದ ಸುಣ್ಣದ ಅಂಶ, ಅಂದರೆ ಕ್ಷಾರತೆ, ಕಡಿಮೆ. ಮಳೆಯ ನೀರಿನಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ.

ಕ್ಷಾರತೆ ಎಂಬುದು ನೀರಿನ ತಡೆಯುವ ಶಕ್ತಿ. ಕ್ಷಾರತೆ ಇದ್ದ ನೀರಿಗೆ ಸ್ವಲ್ಪ ಹುಳಿ ಸೇರಿದರೂ ರಸಸಾರ ತಟ್ಟನೆ ಇಳಿಯುವುದಿಲ್ಲ. ಮೆದು ನೀರಿನಲ್ಲಿ ಈ ತಡೆ ಇಲ್ಲದ ಕಾರಣ ರಸಸಾರ ಬೇಗ ಕುಸಿಯುತ್ತದೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸುಲಭವಾಗಿ ನಡೆಯುವ ಮೀನುತೊಟ್ಟಿ ಯಸಳೂರಿನಲ್ಲಿ ಕಷ್ಟವಾಗುವುದು ಇದೇ ಕಾರಣಕ್ಕೆ.

ಸ್ಥಳ ಮತ್ತು ಅಳತೆ

ತೊಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದು. ಸಣ್ಣ ತೊಟ್ಟಿಯ ನೀರು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ, ಬೇಗ ಕೆಡುತ್ತದೆ. ಮನೆ ಬಳಕೆಗೆ ಒಳ ಅಳತೆ 4 ಮೀಟರ್ ಉದ್ದ, 2.5 ಮೀಟರ್ ಅಗಲ, 1.2 ಮೀಟರ್ ಎತ್ತರದ ತೊಟ್ಟಿ ಅನುಕೂಲ. ಇದರಲ್ಲಿ 1 ಮೀಟರ್ ನೀರು ನಿಲ್ಲಿಸಿದರೆ 10,000 ಲೀಟರ್ ಹಿಡಿಯುತ್ತದೆ. ಆ ನೀರಿನ ತೂಕವೇ 10 ಟನ್. ಆದುದರಿಂದ ತುಂಬು ಮಣ್ಣಿನ ಮೇಲೆ ಅಥವಾ ದರೆಯ ಅಂಚಿನಲ್ಲಿ ಕಟ್ಟಬಾರದು. ಗಟ್ಟಿ ನೆಲ ಸಿಗುವ ತನಕ ಅಗೆದು ಪಾಯ ಹಾಕಬೇಕು.

ತೊಟ್ಟಿಯ 40 ಸೆಂಟಿಮೀಟರ್ ಭಾಗ ನೆಲದೊಳಗೆ, 80 ಸೆಂಟಿಮೀಟರ್ ನೆಲದ ಮೇಲೆ ಇರಲಿ. ಇದರಿಂದ ಮೂರು ಲಾಭಗಳಿವೆ. ತೋಟದಿಂದ ಹರಿದು ಬರುವ ಮಳೆ ನೀರು ಒಳಗೆ ಸೇರುವುದಿಲ್ಲ. ಸಣ್ಣ ಮಕ್ಕಳು ಆಡುತ್ತ ಜಾರಿ ಬೀಳುವುದು ತಪ್ಪುತ್ತದೆ. ಕುಳಿತು ನೋಡುವ ಎತ್ತರದಲ್ಲಿ ಗಾಜು ಕೂರಿಸಲು ಸಾಧ್ಯವಾಗುತ್ತದೆ. ಎರಡು ಮೂರು ವರ್ಷದ ಮಕ್ಕಳಿರುವ ಮನೆಯಲ್ಲಿ ಗೋಡೆಯ ಎತ್ತರ ಒಂದೇ ಸಾಲದು. ಮೇಲೆ ಕಬ್ಬಿಣದ ಜಾಲರಿ ಹಾಕಿಸಲೇಬೇಕು. ಇದೇ ಜಾಲರಿ ಮಿಂಚುಳ್ಳಿ, ಕೊಕ್ಕರೆಗಳನ್ನೂ ತಡೆಯುತ್ತದೆ.

ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬಿದ್ದು ಉಳಿದ ಹೊತ್ತು ನೆರಳಿರುವ ಜಾಗ ಉತ್ತಮ. ಸಿಲ್ವರ್ ಓಕ್ ಮುಂತಾದ ಎಲೆ ಉದುರಿಸುವ ಮರಗಳ ಕೆಳಗೆ ಕಟ್ಟಿದರೆ ತೊಟ್ಟಿಯ ತಳದಲ್ಲಿ ಎಲೆ ಕೊಳೆಯುತ್ತದೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆಗಳು ನೀರನ್ನು ಹುಡುಕಿ ತೋಟಗಳೊಳಗೆ ಬರುವುದರಿಂದ ಅವು ಓಡಾಡುವ ದಾರಿಯ ಬದಿ ತೊಟ್ಟಿ ಬೇಡ. ಮನೆಯ ಮಗ್ಗುಲಲ್ಲಿಯೇ ಇರಲಿ.

ಕಟ್ಟುವ ವಿಧಾನ

ತಳ ಮತ್ತು ಗೋಡೆಗಳನ್ನು 15 ಸೆಂಟಿಮೀಟರ್ ದಪ್ಪದ ಕಬ್ಬಿಣ ಹಾಕಿದ ಕಾಂಕ್ರೀಟಿನಿಂದ ಕಟ್ಟುವುದು ಕ್ಷೇಮ. ಮೇಲಿನ ಅಳತೆಗೆ ಸುಮಾರು 4.25 ಘನ ಮೀಟರ್ ಕಾಂಕ್ರೀಟು ಹಿಡಿಯುತ್ತದೆ. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣಕ್ಕೆ ಪಾಯದ ಹಾಸು ಮತ್ತು ಗಾರೆ ಬಿಟ್ಟು ಸುಮಾರು 34 ಚೀಲ ಸಿಮೆಂಟು ಬೇಕಾಗುತ್ತದೆ. ತಳ ಮತ್ತು ಗೋಡೆ ಕೂಡುವ ಮೂಲೆಯಲ್ಲಿಯೇ ಸೋರಿಕೆ ಹೆಚ್ಚು. ಅಲ್ಲಿ ಕಬ್ಬಿಣವನ್ನು ತಳದಿಂದ ಗೋಡೆಗೆ ಬಗ್ಗಿಸಿ ಒಯ್ಯಬೇಕು. ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿ ಅಲ್ಲಿ ಕೆಸರು ಹೊರಬಿಡುವ ಕೊಳವೆ ಕೂರಿಸಬೇಕು. ಮಲೆನಾಡಿನ ಇಳಿಜಾರಿನಲ್ಲಿ ಈ ಕೊಳವೆಯ ಬಾಯನ್ನು ಕೆಳಗಿನ ಕೈತೋಟಕ್ಕೆ ಬಿಡುವುದು ಸುಲಭ.

ಗಾಜಿನ ಕಿಂಡಿಗೆ 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರ ಸಾಕು. ಕಿಂಡಿಯ ಕೆಳ ಅಂಚಿನಿಂದ ನೀರಿನ ಮಟ್ಟ 50 ಸೆಂಟಿಮೀಟರ್ ಇದ್ದರೆ ಗಾಜಿನ ಮೇಲೆ ಬೀಳುವ ಒಟ್ಟು ಒತ್ತಡ ಸುಮಾರು 110 ಕಿಲೋಗ್ರಾಂ. ಈ ಭಾರ ಹಗಲು ರಾತ್ರಿ ಎಡೆಬಿಡದೆ ಇರುವಂಥದು. ಎರಡು ಹಾಳೆಗಳನ್ನು ಒಂದಾಗಿ ಅಂಟಿಸಿದ, ಒಟ್ಟು 12 ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಗಾಜನ್ನೇ ಹಾಕಬೇಕು. ಒಂದು ಹಾಳೆ ಬಿರಿದರೂ ಇನ್ನೊಂದು ನೀರನ್ನು ತಡೆಯುತ್ತದೆ. ಗಾಜನ್ನು ತೊಟ್ಟಿಯ ಒಳಬದಿಯಿಂದ ಕೂರಿಸಿದರೆ ನೀರಿನ ಒತ್ತಡವೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಅಂಟಿಸಲು ಬೂಷ್ಟು ನಿರೋಧಕ ಔಷಧಿ ಬೆರೆಸದ, ಮೀನುತೊಟ್ಟಿಗೆಂದೇ ಇರುವ ಸಿಲಿಕೋನ್ ಬಳಸಬೇಕು.

ಹೊಸ ಸಿಮೆಂಟಿನ ಕಾವು ಕಳೆಯುವುದು

ಎರಡು ವಾರ ನೀರುಣಿಸಿ ಗಟ್ಟಿಯಾದ ತೊಟ್ಟಿಗೆ ತಕ್ಷಣ ಮೀನು ಬಿಡಬಾರದು. ಹೊಸ ಸಿಮೆಂಟಿನಿಂದ ಸುಣ್ಣ ಬಿಟ್ಟುಕೊಂಡು ನೀರಿನ ರಸಸಾರ 10ನ್ನು ಮೀರಬಹುದು. ಮೆದು ನೀರಿನಲ್ಲಿ ಇದು ಇನ್ನೂ ಬೇಗ ಏರುತ್ತದೆ. ತೊಟ್ಟಿ ತುಂಬಿ ಒಂದು ವಾರ ಬಿಟ್ಟು ಖಾಲಿ ಮಾಡಬೇಕು. ಹೀಗೆ ಮೂರು ಸಲ ಮಾಡುವುದು ಒಳ್ಳೆಯದು. ಬಾಳೆಯ ದಿಂಡನ್ನು ಕತ್ತರಿಸಿ ನೀರಿನಲ್ಲಿ ಕೊಳೆಯಲು ಬಿಡುವ ರೂಢಿಯೂ ಉಪಯುಕ್ತವೇ. ಕೊಳೆಯುವಾಗ ಹುಟ್ಟುವ ಆಮ್ಲ ಸುಣ್ಣವನ್ನು ತಣಿಸುತ್ತದೆ. ನಂತರ ಬ್ರಷ್ಷಿನಿಂದ ಉಜ್ಜಿ ತೊಳೆದು ಹೊಸ ನೀರು ತುಂಬಬೇಕು. ರಸಸಾರ 8.5ಕ್ಕಿಂತ ಕೆಳಗೆ ನಿಂತ ಮೇಲೆಯೇ ಮುಂದಿನ ಕೆಲಸ.

ನೀರನ್ನು ಸೋಸುವ ಗಿಡದ ತೊಟ್ಟಿ

ಮೀನು ತಿಂದ ಆಹಾರದ ಸಾರಜನಕದಲ್ಲಿ ಹೆಚ್ಚು ಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಬರುತ್ತದೆ. ಅಮೋನಿಯ ಮೀನಿಗೆ ವಿಷ. ಹೊಲದ ಮಣ್ಣಿನಲ್ಲಿ ಯೂರಿಯದ ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಾಣು ಜೀವಿಗಳಂಥವೇ ಇಲ್ಲಿಯೂ ಕೆಲಸ ಮಾಡುತ್ತವೆ. ಮೊದಲು ಅಮೋನಿಯವು ನೈಟ್ರೈಟಾಗುತ್ತದೆ, ಅದೂ ವಿಷವೇ. ನಂತರ ನೈಟ್ರೇಟಾಗುತ್ತದೆ, ಇದರಿಂದ ತೊಂದರೆ ಕಡಿಮೆ, ಗಿಡಗಳಿಗೆ ಗೊಬ್ಬರ. ಈ ಜೀವಿಗಳು ತೇಲಾಡುವಂಥವಲ್ಲ. ಕಲ್ಲು, ಜಲ್ಲಿಗಳ ಮೈಗೆ ಅಂಟಿಕೊಂಡು ಬೆಳೆಯುತ್ತವೆ. ಅವುಗಳಿಗೆ ಮನೆ ಒದಗಿಸುವುದೇ ಸೋಸುವ ತೊಟ್ಟಿಯ ಉದ್ದೇಶ.

ದೊಡ್ಡ ತೊಟ್ಟಿಯ ಪಕ್ಕದಲ್ಲಿ, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ, 1.5 ಮೀಟರ್ ಉದ್ದ, 0.7 ಮೀಟರ್ ಅಗಲ, 0.8 ಮೀಟರ್ ಆಳದ ಸಣ್ಣ ತೊಟ್ಟಿ ಕಟ್ಟಿ ಹೊಳೆಯ ನುಣುಪು ಜಲ್ಲಿ ತುಂಬಬೇಕು. ಪಂಪಿನ ನೀರು ತಳದಿಂದ ಹೊಕ್ಕು, ಜಲ್ಲಿಯ ನಡುವೆ ಮೇಲೇರಿ, ಅಡಿಕೆ ದಬ್ಬೆಯ ಮೂಲಕ ದೊಡ್ಡ ತೊಟ್ಟಿಗೆ ಧುಮುಕಲಿ. ಧುಮುಕುವಾಗ ನೀರಿಗೆ ಆಮ್ಲಜನಕ ಸೇರುತ್ತದೆ. ಗಂಟೆಗೆ 5,000 ಲೀಟರ್ ಎತ್ತುವ ಪಂಪಾದರೆ ಎರಡು ಗಂಟೆಗೊಮ್ಮೆ ಇಡೀ ತೊಟ್ಟಿಯ ನೀರು ಸೋಸಿದಂತಾಗುತ್ತದೆ. ಜಲ್ಲಿಯ ಮೇಲೆ ಬಜೆ, ಕೆಸು ನೆಟ್ಟರೆ ಅವು ನೈಟ್ರೇಟನ್ನು ಹೀರಿ ಸೊಂಪಾಗಿ ಬೆಳೆಯುತ್ತವೆ. ಗೆಂಡೆ ಜಾತಿಯ ಮೀನು ಗಿಡಗಳನ್ನು ಕಿತ್ತುಹಾಕುವುದರಿಂದ ಗಿಡಗಳಿಗೆ ಈ ಬೇರೆ ತೊಟ್ಟಿಯೇ ಸರಿಯಾದ ಜಾಗ.

ಮಳೆಗಾಲದಲ್ಲಿ ಮಲೆನಾಡಿನಲ್ಲಿ ವಿದ್ಯುತ್ತು ದಿನಗಟ್ಟಲೆ ಇಲ್ಲದಿರಬಹುದು. ಅಬ್ಬಿಯ ನೀರು ತಾನಾಗಿ ಇಳಿದು ಬರುವ ಮನೆಗಳಲ್ಲಿ ಅದರ ಒಂದು ಸಣ್ಣ ಎಳೆಯನ್ನು ಜಲ್ಲಿಯ ತೊಟ್ಟಿಗೆ ಹಾಯಿಸಿಕೊಂಡರೆ ಪಂಪು ನಿಂತಾಗ ಸೂಕ್ಷ್ಮಾಣು ಜೀವಿಗಳೂ ಮೀನುಗಳೂ ಬದುಕುಳಿಯುತ್ತವೆ. ಆದರೆ ಅಬ್ಬಿಯ ಮೂಲದ ಮೇಲ್ಗಡೆ ಕಾಫಿ ಪಲ್ಪ್ ಮಾಡುವ ಮನೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಡಿಸೆಂಬರ್‌ನಿಂದ ಫೆಬ್ರವರಿಯ ತನಕ ಹೊರಬೀಳುವ ಪಲ್ಪಿನ ನೀರು ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ.

ಸುಣ್ಣದ ಲೆಕ್ಕ

ಅಮೋನಿಯ ನೈಟ್ರೇಟಾಗುವಾಗ ಆಮ್ಲ ಹುಟ್ಟಿ ನೀರಿನ ಕ್ಷಾರತೆಯನ್ನು ತಿನ್ನುತ್ತದೆ. ಒಂದು ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರತೆ ಖರ್ಚಾಗುತ್ತದೆ. ಒಟ್ಟು 5 ಕಿಲೋಗ್ರಾಂ ತೂಗುವ ಮೀನುಗಳಿಗೆ ದಿನಕ್ಕೆ 50 ಗ್ರಾಂ ಆಹಾರ ಹಾಕಿದರೆ ಸುಮಾರು 1.5 ಗ್ರಾಂ ಅಮೋನಿಯ ಸಾರಜನಕ ಉಂಟಾಗುತ್ತದೆ. ಅಂದರೆ ದಿನಕ್ಕೆ 10 ಗ್ರಾಂ, ತಿಂಗಳಿಗೆ 300 ಗ್ರಾಂ ಕ್ಷಾರತೆ ಖರ್ಚು. ಇದು 10,000 ಲೀಟರ್ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ. ಮೆದು ನೀರಿನಲ್ಲಿ ಇರುವುದೇ ಅಷ್ಟಾದರೆ ಒಂದೇ ತಿಂಗಳಲ್ಲಿ ಬಂಡವಾಳ ಮುಗಿದುಹೋಯಿತು.

ಇದಕ್ಕೆ ಮಳೆಯೂ ಸೇರುತ್ತದೆ. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ತೊಟ್ಟಿಗೆ ನೇರವಾಗಿ ಬೀಳುವ ನೀರು 1,000 ಲೀಟರ್, ಅಂದರೆ ಹತ್ತನೆಯ ಒಂದು ಪಾಲು. ಆದರೆ 100 ಚದರ ಮೀಟರ್ ಸೂರಿನ ನೀರನ್ನು ತೊಟ್ಟಿಗೆ ತಿರುಗಿಸಿದ್ದರೆ ಅದೇ ದಿನ 10,000 ಲೀಟರ್ ಬರುತ್ತದೆ. ತೊಟ್ಟಿಯ ಹಳೆಯ ನೀರಿನ ಬಹುಪಾಲು ಕೊಚ್ಚಿಹೋಗಿ ಕ್ಷಾರತೆಯಿಲ್ಲದ ನೀರು ತುಂಬಿದಂತಾಯಿತು. ಆದುದರಿಂದ ಸೂರಿನ ನೀರು ತೊಟ್ಟಿಗೆ ಬೇಡ. ನೇರ ಮಳೆಯ ನೀರು ಹೊರಹೋಗಲು ಮೇಲಂಚಿನಲ್ಲಿ 4 ಅಂಗುಲದ ಕೊಳವೆಗೆ ಜಾಲರಿ ಕಟ್ಟಿ ಇಡಬೇಕು.

ಪರಿಹಾರ ಸುಲಭ. ಕೃಷಿಗೆ ಬಳಸುವ ಸುಣ್ಣಕಲ್ಲಿನ ಚೂರು ಅಥವಾ ಚಿಪ್ಪುಗಳನ್ನು ಗೋಣಿಚೀಲದಲ್ಲಿ ಕಟ್ಟಿ ನೀರು ಹರಿಯುವ ಜಾಗದಲ್ಲಿ ಇಡಬೇಕು. ನೀರು ಹುಳಿಯಾದಷ್ಟೂ ಅದು ಹೆಚ್ಚು ಕರಗುತ್ತದೆ. ಹುಳಿ ಕಡಿಮೆಯಾದರೆ ಕರಗುವುದು ತಾನೇ ನಿಧಾನವಾಗುತ್ತದೆ. ಬೇಗ ಏರಿಸಬೇಕಾದಾಗ ಅಡುಗೆ ಸೋಡ ಬಳಸಬಹುದು. 10,000 ಲೀಟರಿಗೆ 840 ಗ್ರಾಂ ಸೋಡ ಸೇರಿದರೆ ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂ ಏರುತ್ತದೆ. ಇದನ್ನು ನಾಲ್ಕೈದು ದಿನಗಳಿಗೆ ಹಂಚಿ, ನೀರಿನಲ್ಲಿ ಕರಗಿಸಿ ಹಾಕಬೇಕು. ಕ್ಷಾರತೆ ಲೀಟರಿಗೆ 50ರಿಂದ 100 ಮಿಲಿಗ್ರಾಂ ಇರುವಂತೆ ನೋಡಿಕೊಂಡರೆ ಸಾಕು.

ಒಮ್ಮೆಗೇ ಸುಣ್ಣ ಹಾಕಿದರೆ ಆಗುವ ಅಪಾಯ

ಒಂದೇ ರಾತ್ರಿಯಲ್ಲಿ ಎಲ್ಲ ಮೀನು ಸಾಯುವುದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ. ರಸಸಾರ 6ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಾಣು ಜೀವಿಗಳ ಕೆಲಸ ಬಹುತೇಕ ನಿಲ್ಲುತ್ತದೆ. ಅಮೋನಿಯ ಸೇರುತ್ತಲೇ ಹೋಗುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿರುವುದರಿಂದ ಮೀನಿಗೆ ಅಷ್ಟಾಗಿ ತಟ್ಟುವುದಿಲ್ಲ. ಮೀನು ಮಂಕಾಗಿರುವುದನ್ನು ಕಂಡು, ನೀರು ಹುಳಿಯಾಗಿದೆಯೆಂದು ತಿಳಿದು, ಮನೆಯವರು ಒಂದು ಬೊಗಸೆ ಅರಳಿದ ಸುಣ್ಣ ಕದಡಿ ಹಾಕುತ್ತಾರೆ. ರಸಸಾರ ಗಂಟೆಯೊಳಗೆ 9ಕ್ಕೆ ಏರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಇದ್ದಾಗ, ರಸಸಾರ 7ರಲ್ಲಿ ಒಟ್ಟು ಅಮೋನಿಯದ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಮಾತ್ರ ವಿಷರೂಪದಲ್ಲಿರುತ್ತದೆ. ರಸಸಾರ 8ರಲ್ಲಿ ಅದು ಶೇಕಡ 5, 9ರಲ್ಲಿ ಮೂರನೆಯ ಒಂದು ಪಾಲನ್ನೂ ಮೀರುತ್ತದೆ. ಅಷ್ಟು ದಿನ ಸುಮ್ಮನಿದ್ದ ಅಮೋನಿಯ ಒಮ್ಮೆಗೇ ವಿಷವಾಗುತ್ತದೆ.

ಹುಳಿಯಾದ ತೊಟ್ಟಿಯನ್ನು ಸರಿಪಡಿಸುವಾಗ ಮೊದಲು ಆಹಾರ ನಿಲ್ಲಿಸಬೇಕು. ದಿನಕ್ಕೆ ಹತ್ತನೆಯ ಒಂದು ಪಾಲಿನಂತೆ ನೀರು ಬದಲಿಸಿ ಅಮೋನಿಯ ಕಡಿಮೆ ಮಾಡಬೇಕು. ಆ ನಂತರ ರಸಸಾರವನ್ನು ವಾರದ ಅವಧಿಯಲ್ಲಿ ನಿಧಾನವಾಗಿ ಏರಿಸಬೇಕು. ಅರಳಿದ ಸುಣ್ಣವನ್ನು ಮೀನಿರುವ ತೊಟ್ಟಿಗೆ ಎಂದೂ ಹಾಕಬಾರದು.

ಬೋರ್ಡೊ ದ್ರಾವಣ ಮತ್ತು ಕೀಟನಾಶಕಗಳು

ಮುಂಗಾರಿಗೆ ಮುಂಚೆ ಕಾಫಿ, ಮೆಣಸಿನ ಬಳ್ಳಿಗಳಿಗೆ ಬೋರ್ಡೊ ಸಿಂಪಡಿಸುವುದು ಈ ಸೀಮೆಯ ರೂಢಿ. ಶೇಕಡ 1ರ ದ್ರಾವಣದಲ್ಲಿ 100 ಲೀಟರಿಗೆ 1 ಕಿಲೋಗ್ರಾಂ ಮೈಲುತುತ್ತ ಇರುತ್ತದೆ. ಅದರ ನಾಲ್ಕನೆಯ ಒಂದು ಪಾಲು ತಾಮ್ರ. ಅರ್ಧ ಲೀಟರ್ ದ್ರಾವಣದಲ್ಲಿ 1.25 ಗ್ರಾಂ ತಾಮ್ರವಿದ್ದು, 10,000 ಲೀಟರಿನಲ್ಲಿ ಪೂರ್ತಿ ಕರಗಿದರೆ ಲೀಟರಿಗೆ ಸುಮಾರು 0.12 ಮಿಲಿಗ್ರಾಂ ಆಗುತ್ತದೆ. ಗಡಸು ನೀರಿನಲ್ಲಿ ಮೀನು ತಡೆದುಕೊಳ್ಳಬಹುದಾದ ಈ ಪ್ರಮಾಣ ಮೆದುವಾದ ಹುಳಿ ನೀರಿನಲ್ಲಿ ಕಿವಿರುಗಳನ್ನು ಸುಡಬಲ್ಲದು. ಆದುದರಿಂದ ಸಿಂಪಡಿಸುವ ದಿನ ತೊಟ್ಟಿಯನ್ನು ತಾಡಪಾಲಿನಿಂದ ಮುಚ್ಚಬೇಕು. ಮೈಲುತುತ್ತ ಕದಡಿದ ಡ್ರಮ್ಮು, ಬಕೆಟ್ಟುಗಳನ್ನು ತೊಟ್ಟಿಗೆ ಅದ್ದಬಾರದು. ಕಾಂಡಕೊರಕದ ಹತೋಟಿಗೆ ಬಳಸುವ ಕ್ಲೋರ್‌ಪೈರಿಫಾಸ್ ಮತ್ತು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಇನ್ನೂ ಅಲ್ಪ ಪ್ರಮಾಣದಲ್ಲಿಯೇ ಮೀನನ್ನು ಕೊಲ್ಲುತ್ತವೆ.

ಘಟ್ಟದ ಕೆಳಗಿನ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಬೆರೆಸಿದ್ದರಿಂದ ದೇವರ ಮೀನುಗಳು ಸಾವಿರಗಟ್ಟಲೆ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೂ ಇದೆ. ಹರಿಯುವ ಹೊಳೆಯಲ್ಲಿಯೇ ವಿಷದ ಪರಿಣಾಮ ಅಷ್ಟಾದರೆ ನಿಂತ ತೊಟ್ಟಿಯಲ್ಲಿ ಹೇಳುವುದೇ ಬೇಡ.

ಯಾವ ಮೀನು, ಎಷ್ಟು ಮೀನು

ಚಳಿಗಾಲದ ರಾತ್ರಿಗಳಲ್ಲಿ ಇಲ್ಲಿ ಚಳಿ ಹೆಚ್ಚು. ಬಿಸಿ ನೀರನ್ನು ಬಯಸುವ ಪೇಟೆಯ ಅಲಂಕಾರಿಕ ಮೀನುಗಳು ಹೊರಾಂಗಣಕ್ಕೆ ಹೊಂದುವುದಿಲ್ಲ. ಚಿನ್ನದ ಮೀನು ಅಥವಾ ಸಾಮಾನ್ಯ ಗೆಂಡೆಯ ಬಣ್ಣದ ತಳಿಯಾದ ಕೊಯಿ ಗೆಂಡೆ ಸೂಕ್ತ. 10,000 ಲೀಟರಿಗೆ ಎಂಟು ಹತ್ತು ಕೊಯಿ ಅಥವಾ ಇಪ್ಪತ್ತು ಚಿನ್ನದ ಮೀನು ಸಾಕು. ಮರಿಯಾಗಿದ್ದಾಗ ತೊಟ್ಟಿ ಬರಿದಾಗಿ ಕಂಡರೂ ಇನ್ನಷ್ಟು ಸೇರಿಸಬಾರದು.

ಹೊಸ ತೊಟ್ಟಿಯಲ್ಲಿ ಸೂಕ್ಷ್ಮಾಣು ಜೀವಿಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಮೀನಿಲ್ಲದ ನಿಂತ ನೀರು ಸೊಳ್ಳೆಯ ತವರಾಗುತ್ತದೆ. ಗದ್ದೆಯ ಕಾಲುವೆಗಳಲ್ಲಿ ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯಿದ್ದು ನೀರಿನ ಮೇಲ್ಪದರದಲ್ಲಿ ಓಡಾಡುವ ಸಣ್ಣ ಮೀನುಗಳು ಸೊಳ್ಳೆಮರಿಗಳನ್ನು ಹುಡುಕಿ ತಿನ್ನುತ್ತವೆ. ಸ್ವಂತ ಗದ್ದೆಯಿಂದ ಹತ್ತು ಹದಿನೈದನ್ನು ತಂದು ಮೊದಲು ಬಿಟ್ಟರೆ ಸೊಳ್ಳೆಯ ಹತೋಟಿಯಾಗುತ್ತದೆ, ಸೂಕ್ಷ್ಮಾಣು ಜೀವಿಗಳಿಗೆ ಅಲ್ಪ ಅಮೋನಿಯವೂ ಸಿಗುತ್ತದೆ. ಗೆಂಡೆಗಳನ್ನು ಬಿಡುವಾಗ ಇವನ್ನು ಗಿಡದ ತೊಟ್ಟಿಗೆ ಬದಲಾಯಿಸಬೇಕು. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನು ಮೊಟ್ಟೆ ಹೊತ್ತು ಬರುವುದರಿಂದ ಆಗ ಹಿಡಿಯಬಾರದು. ಕಾಡಿನ ಹೊಳೆಗಳ ಮೀನಿಗೆ ಕೈಹಾಕುವುದು ಬೇಡವೇ ಬೇಡ.

ಕೊಂಡು ತಂದ ಮೀನನ್ನು ಎರಡು ಮೂರು ವಾರ ಬೇರೆ ಡ್ರಮ್ಮಿನಲ್ಲಿ, ಲೀಟರಿಗೆ 3 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿಟ್ಟು ನೋಡಿ ನಂತರ ತೊಟ್ಟಿಗೆ ಬಿಡಬೇಕು. ಆಫ್ರಿಕದ ಮಾಗುರ್ ಮೀನಿನ ಸಾಕಣೆಯನ್ನು ಸರಕಾರ 2000ದಲ್ಲಿಯೇ ನಿಷೇಧಿಸಿದೆ. ಬೇಡವಾದ ಮೀನನ್ನು ಹಳ್ಳಕ್ಕೆ ಬಿಡುವುದು ದಯೆಯಲ್ಲ. ಸಕಲೇಶಪುರ ತಾಲ್ಲೂಕಿನ ನೀರು ಒಂದು ಕಡೆ ಹೇಮಾವತಿಯಿಂದ ಕಾವೇರಿಗೆ, ಇನ್ನೊಂದು ಕಡೆ ಘಟ್ಟ ಇಳಿದು ನೇತ್ರಾವತಿಗೆ ಹೋಗುತ್ತದೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಎಷ್ಟೋ ಮೀನುಗಳ ತವರಾದ ಈ ಹೊಳೆಗಳಿಗೆ ಹೊರಗಿನ ಮೀನು ಸೇರಿದರೆ ಹಿಂದಕ್ಕೆ ತೆಗೆಯಲು ಬರುವುದಿಲ್ಲ. ತೊಟ್ಟಿಯಿಂದ ನೀರು ಹೊರಹೋಗುವ ಕೊಳವೆಗಳಿಗೆ ಜಾಲರಿ ಬೇಕೆಂದು ಹೇಳುವುದು ಇದಕ್ಕಾಗಿಯೂ ಹೌದು.

ದಿನನಿತ್ಯದ ಪಾಲನೆ

1. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ಚಳಿಯ ದಿನಗಳಲ್ಲಿ ಇನ್ನೂ ಕಡಿಮೆ ಮಾಡಬೇಕು.

2. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಆ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಹಾರ ನಿಲ್ಲಿಸಿ ನೀರು ಧುಮುಕುವುದನ್ನು ಹೆಚ್ಚಿಸಬೇಕು.

3. ಪ್ರತಿ ವಾರ ತಳದ ಕೊಳವೆಯಿಂದ 1,000 ಲೀಟರ್ ನೀರು ಹೊರಬಿಟ್ಟು ಹೊಸ ನೀರು ತುಂಬಬೇಕು. ಹೊರಬಿಟ್ಟ ನೀರು ತರಕಾರಿಗೂ ಬಾಳೆಗೂ ಗೊಬ್ಬರ.

4. ರಸಸಾರ ಮತ್ತು ಕ್ಷಾರತೆಯನ್ನು ವಾರಕ್ಕೊಮ್ಮೆ, ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೆರಡು ಸಲ ಪರೀಕ್ಷಿಸಬೇಕು. ಹನಿ ಹಾಕಿ ಬಣ್ಣ ನೋಡುವ ಪೆಟ್ಟಿಗೆಗಳು ಮೀನಿನ ಅಂಗಡಿಗಳಲ್ಲಿ ಸಿಗುತ್ತವೆ.

5. ಜಲ್ಲಿಯನ್ನು ತೊಟ್ಟಿಯ ನೀರಿನಲ್ಲಿಯೇ ಸ್ವಲ್ಪ ಸ್ವಲ್ಪ ತೊಳೆಯಬೇಕು. ಎಲ್ಲವನ್ನೂ ಒಮ್ಮೆಗೇ ಉಜ್ಜಿ ತೊಳೆದರೆ ಸೂಕ್ಷ್ಮಾಣು ಜೀವಿಗಳೂ ಹೋಗುತ್ತವೆ.

6. ಸುಣ್ಣಕಲ್ಲಿನ ಚೀಲವನ್ನು ಮೇ ತಿಂಗಳ ಕೊನೆಗೆ ಹೊಸದಾಗಿ ತುಂಬಬೇಕು.

ತೊಟ್ಟಿ ಕಟ್ಟುವ ಮೊದಲೇ ತಮ್ಮ ಅಬ್ಬಿ, ಬಾವಿ ಅಥವಾ ಬೋರ್‌ವೆಲ್ಲಿನ ನೀರನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಹಾಸನದ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಮೀನುಗಾರಿಕೆ ಇಲಾಖೆಯ ಕಚೇರಿಯನ್ನೂ ಈ ಬಗ್ಗೆ ವಿಚಾರಿಸಬಹುದು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಈ ವಿಷಯದ ಪರಿಣತಿಗೆ ಹೆಸರಾದುದು. ನೀರಿನ ಗುಣ ತಿಳಿದು, ಮೊದಲ ಮಳೆಗಾಲವನ್ನು ಲೆಕ್ಕವಿಟ್ಟು ದಾಟಿಸಿದ ತೊಟ್ಟಿಯಲ್ಲಿ ಮುಂದಿನ ವರ್ಷಗಳ ಕೆಲಸ ಕಡಿಮೆ. ಚೆನ್ನಾಗಿ ನೋಡಿಕೊಂಡ ಕೊಯಿ ಗೆಂಡೆ ಇಪ್ಪತ್ತು ವರ್ಷಗಳಿಗೂ ಮೀರಿ ಬದುಕುತ್ತದೆ.